ಹಾಸಿಗೆ ಹಿಡಿದವರು

ನಮ್ಮ ತಂದೆಯವರು ಹಾಸಿಗೆ ಹಿಡಿದದ್ದು 2009ರ ಮಳೆಗಾಲದಲ್ಲಿ. ಆಗ ಅವರಿಗೆ 78 ವರ್ಷ. ಹಿತ್ತಿಲ ಕಡೆಯ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು, ಜಾರಿ ಬಿದ್ದರು. ಮೂಳೆ ಮುರಿದಿರಲಿಲ್ಲ. ಪೇಟೆಯ ಡಾಕ್ಟರು ನೋಡಿ, ನೋವಿಗೆ ಗುಳಿಗೆ ಕೊಟ್ಟು, “ಎರಡು ವಾರ ಅಲ್ಲಾಡದೆ ಮಲಗಿರಲಿ” ಎಂದರು. ಎರಡು ವಾರ ಮಲಗಿದರು. ಮೂರನೆಯ ವಾರ ಎಬ್ಬಿಸಲು ಹೋದಾಗ ಅವರ ಕಾಲು ನಡುಗಿತು, ತಲೆ ಸುತ್ತಿತು. ನಾನು ಮತ್ತೆ ಡಾಕ್ಟರ ಬಳಿಗೆ ಓಡಿದೆ. ಈ ಸಲ ಅವರು ಗುಳಿಗೆಯನ್ನು ಸಹ ಬರೆಯಲಿಲ್ಲ. “ವಯಸ್ಸಾಯಿತಲ್ಲ ಮೇಷ್ಟ್ರೇ” ಎಂದರು. ಆ ಮಾತಿನಲ್ಲಿ ನಿರ್ದಯೆಯೇನೂ ಇರಲಿಲ್ಲ. ನನಗೂ ಅದು ಸರಿಯೆಂದೇ ತೋರಿತು.

ಅಪ್ಪಯ್ಯನ ಹಾಸಿಗೆಯನ್ನು ನಡುಮನೆಗೆ ತಂದೆವು. ಊಟ, ಕಾಫಿ, ಮೈ ಒರೆಸುವುದು ಎಲ್ಲವೂ ಅಲ್ಲಿಯೇ. ಅವರು ನೀರಿನ ಲೋಟಕ್ಕೆ ಕೈ ಚಾಚುವ ಮೊದಲೇ ನನ್ನ ಹೆಂಡತಿ ಅದನ್ನು ಅವರ ಬಾಯಿಗೆ ಹಿಡಿಯುತ್ತಿದ್ದಳು. ಮೂರನೆಯ ತಿಂಗಳಲ್ಲಿ ಒಂದು ದಿನ ಅವರು, “ಒಂದು ಸಲ ತೋಟದ ತನಕ ಕರಕೊಂಡು ಹೋಗೋ” ಎಂದರು. “ಬೇಡ ಅಪ್ಪಯ್ಯ, ಬಿದ್ದುಬಿಟ್ಟರೆ ಕಷ್ಟ” ಎಂದೆ. ಅವರು ಮತ್ತೆ ಕೇಳಲಿಲ್ಲ. ಬೆನ್ನಿನಲ್ಲಿ ಹುಣ್ಣಾಯಿತು, ಮಾತು ಕಡಮೆಯಾಯಿತು, ಹಗಲು ರಾತ್ರಿಗಳು ಅದಲುಬದಲಾದುವು. ಹನ್ನೊಂದನೆಯ ತಿಂಗಳು ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಬಂದ ನೆಂಟರೆಲ್ಲರೂ ಒಂದೇ ಮಾತು ಹೇಳಿದರು: “ಇಂಥ ಸೇವೆ ಈ ಕಾಲದಲ್ಲಿ ಯಾರು ಮಾಡುತ್ತಾರೆ!” ಆ ಮಾತು ನನಗೆ ಬಲು ಸಮಾಧಾನ ಕೊಟ್ಟಿತು.

ಆ ಸಮಾಧಾನವನ್ನು ಕಳೆದವಳು, ನಾನು ಹುಟ್ಟುವ ಮೊದಲೇ ದೂರದ ಇಂಗ್ಲೆಂಡಿನಲ್ಲಿ ತನ್ನ ದೊಡ್ಡ ಕೆಲಸವನ್ನು ಮಾಡಿ ಮುಗಿಸಿದ್ದ ಒಬ್ಬ ವೈದ್ಯೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ಹೊಟ್ಟೆ ಹೊರೆದವನು. ನಿವೃತ್ತನಾದ ಮೇಲೆ ಇಂಗ್ಲೆಂಡಿನ ಬಡವರ ಕಾಯಿದೆಗಳ ವಿಷಯವನ್ನು ಓದುತ್ತಿದ್ದಾಗ ಆಕೆಯ ಹೆಸರು ಸಿಕ್ಕಿತು. ಆಮೇಲೆ ಬಡವರ ಕಾಯಿದೆ ಹಿಂದೆ ಉಳಿಯಿತು. ಮುಪ್ಪಿನ ಅಧ್ಯಯನದ ಚರಿತ್ರೆಯೇ ನನ್ನನ್ನು ಎಳೆದುಕೊಂಡು ಹೋಯಿತು. ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ಇದು ಸಂಬಂಧಪಟ್ಟದ್ದು. ಬದುಕಿದ್ದರೆ ನಾವೂ ಒಂದು ದಿನ ಹಿರಿಯರಾಗುವವರೇ.

*

ಮುಪ್ಪಿನ ವಿಷಯದಲ್ಲಿ ಮನುಷ್ಯ ಮೊದಲು ಕೇಳಿದ ಪ್ರಶ್ನೆ ಯಯಾತಿಯ ಪ್ರಶ್ನೆ: ಇದನ್ನು ಕಳೆದುಕೊಳ್ಳುವುದು ಹೇಗೆ? ಯಯಾತಿ ತನ್ನ ಮುಪ್ಪನ್ನು ಮಗನ ಮೇಲೆ ಹಾಕಿದ. ಚ್ಯವನ ಋಷಿ ಅಶ್ವಿನೀದೇವತೆಗಳಿಂದ ಯೌವನ ಪಡೆದ. ನಮ್ಮ ಆಯುರ್ವೇದದ ಎಂಟು ಅಂಗಗಳಲ್ಲಿ ಜರಾಚಿಕಿತ್ಸೆಯೂ ಒಂದು. ಪಶ್ಚಿಮದಲ್ಲಿಯೂ ಹೊಸ ವಿಜ್ಞಾನ ಮೊದಲು ಹಿಡಿದದ್ದು ಈ ದಾರಿಯನ್ನೇ. 1903ರಲ್ಲಿ ಮುಪ್ಪಿನ ಶಾಸ್ತ್ರಕ್ಕೆ ‘ಜೆರಂಟಾಲಜಿ’ ಎಂದು ಹೆಸರಿಟ್ಟವನು ಇಲ್ಯಾ ಮೆಚ್ನಿಕಾಫ್. ಅಂದಿನ ರಷ್ಯ ಸಾಮ್ರಾಜ್ಯದಲ್ಲಿ ಹುಟ್ಟಿ, ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಜೀವವಿಜ್ಞಾನಿ. 1908ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದವನು. ದೊಡ್ಡ ಕರುಳಿನಲ್ಲಿ ಕೊಳೆತು ಹುಟ್ಟುವ ವಿಷವೇ ಮುಪ್ಪಿಗೆ ಕಾರಣವೆಂದೂ, ಬಲ್ಗೇರಿಯದ ರೈತರು ಹುಳಿಮೊಸರು ತಿಂದೇ ಬಹುಕಾಲ ಬಾಳುತ್ತಾರೆಂದೂ ಆತ ನಂಬಿದ್ದ. ತಾನೂ ದಿನವೂ ಹುಳಿಹಾಲು ಕುಡಿಯುತ್ತಿದ್ದ. ಮೊಸರನ್ನ ತಿಂದು ಬೆಳೆದ ನಮಗೆ ಈ ಮಾತು ಕೇಳಲು ಹಿತ. ಆದರೆ ಮೆಚ್ನಿಕಾಫ್ 1916ರಲ್ಲಿ ತನ್ನ 71ನೆಯ ವಯಸ್ಸಿನಲ್ಲಿ ತೀರಿಕೊಂಡ. ಹೆಸರು ನಿಂತಿತು, ಮದ್ದು ನಿಲ್ಲಲಿಲ್ಲ.

ಎರಡನೆಯ ಪ್ರಶ್ನೆ ಬೇರೆ ಜಾತಿಯದು. ಮುಪ್ಪು ಬಂದೇ ಬರುತ್ತದೆ. ಬಂದವರ ನರಳಿಕೆಯಲ್ಲಿ ಮುಪ್ಪಿನದೆಷ್ಟು, ರೋಗದ್ದೆಷ್ಟು, ನಮ್ಮ ಉಪೇಕ್ಷೆಯದೆಷ್ಟು? ಇದನ್ನು ಕೇಳಿದವರಲ್ಲಿ ಮೊದಲಿಗನೆಂದು ಇಗ್ನಾಟ್ಸ್ ನಾಷರ್‌ನನ್ನು ಹೇಳುತ್ತಾರೆ. ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ವೈದ್ಯ. ಆತ ಎಳೆಯ ವಿದ್ಯಾರ್ಥಿಯಾಗಿದ್ದಾಗ, ಬಡವರ ಆಶ್ರಯಗೃಹವೊಂದರಲ್ಲಿ ಮುದುಕಿಯೊಬ್ಬಳು ತನ್ನ ನೋವನ್ನು ಹೇಳಿಕೊಂಡಳಂತೆ. ಆಕೆಗೇನು ಕಾಯಿಲೆಯೆಂದು ಕೇಳಿದರೆ ಜೊತೆಯಲ್ಲಿದ್ದ ವೈದ್ಯರು ಮುಪ್ಪೆಂದರು. ಅದಕ್ಕೇನು ಮಾಡುವುದೆಂದು ಕೇಳಿದರೆ, ಏನೂ ಇಲ್ಲವೆಂದರು. ಈ ಉತ್ತರ ನಾಷರ್‌ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮಕ್ಕಳ ರೋಗಗಳಿಗೆ ಬೇರೆ ಶಾಸ್ತ್ರವಿರುವಂತೆ ಮುದುಕರ ರೋಗಗಳಿಗೂ ಬೇರೆ ಶಾಸ್ತ್ರ ಬೇಕೆಂದು ವಾದಿಸಿ, 1909ರಲ್ಲಿ ‘ಜೀರಿಯಾಟ್ರಿಕ್ಸ್’ ಎಂಬ ಪದವನ್ನು ಕಟ್ಟಿದ. 1914ರಲ್ಲಿ ಪುಸ್ತಕ ಬರೆದ. ಪೇಟೆಯ ಡಾಕ್ಟರು ನನಗೆ ಹೇಳಿದ್ದು, ನಾಷರ್ ಕೇಳಿದ್ದ ಅದೇ ಉತ್ತರ. ನಡುವೆ ನೂರು ವರ್ಷಕ್ಕೂ ಮೇಲಾಗಿತ್ತು.

*

ನಾಷರ್ ಹೆಸರು ಕೊಟ್ಟ. ಕೆಲಸ ಮಾಡಿ ತೋರಿಸಿದವಳು ಇಂಗ್ಲೆಂಡಿನ ಮಾರ್ಜರಿ ವಾರೆನ್. ಆಕೆಯ ಕೆಲಸ ತಿಳಿಯಬೇಕಾದರೆ ಅದು ನಡೆದ ಜಾಗ ಎಂಥದೆಂಬುದು ಗೊತ್ತಿರಬೇಕು.

1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರ ಹೊಸ ಕಾಯಿದೆ ಬಂದಿತು. ಸರಕಾರದ ಅನ್ನ ಬೇಕಾದವರು ‘ವರ್ಕ್‌ಹೌಸ್’ ಎಂಬ ದುಡಿಮೆಮನೆಗೆ ಸೇರಬೇಕು. ಒಳಗಿನ ಬಾಳು ಹೊರಗಿನ ಅತಿ ಬಡ ಕೂಲಿಯ ಬಾಳಿಗಿಂತ ಕೀಳಾಗಿರಬೇಕು. ಇದು ಅದರ ತತ್ತ್ವ. ಸೋಮಾರಿಗಳನ್ನು ಹೆದರಿಸುವುದಕ್ಕೆಂದು ಕಟ್ಟಿದ ಮನೆಗಳಲ್ಲಿ ಕಾಲಕ್ರಮೇಣ ತುಂಬಿದವರು ದುಡಿಯಲಾರದವರು: ರೋಗಿಗಳು, ಅನಾಥರು, ದಿಕ್ಕಿಲ್ಲದ ಮುದುಕರು. ಆ ಮನೆಗಳಿಗೆ ಅಂಟಿಕೊಂಡು ಚಿಕಿತ್ಸಾಲಯಗಳು ಎದ್ದುವು. ಪಟ್ಟಣದ ಹೆಸರಾಂತ ಆಸ್ಪತ್ರೆಗಳು ಗುಣವಾಗುವ ರೋಗಿಗಳನ್ನು ಆರಿಸಿಕೊಂಡು, ಗುಣವಾಗದವರೆಂದು ತಾವು ತೀರ್ಮಾನಿಸಿದವರನ್ನು ಇಲ್ಲಿಗೆ ಸಾಗಿಸುತ್ತಿದ್ದುವು. 1929ರ ಕಾಯಿದೆಯಿಂದ ಈ ಸಂಸ್ಥೆಗಳು ಸ್ಥಳೀಯ ಆಡಳಿತದ ಕೈಗೆ ಬಂದುವು. ಫಲಕ ಬದಲಾಯಿತು, ಒಳಗಿನ ಹಾಸಿಗೆಗಳು ಹಾಗೆಯೇ ಇದ್ದುವು.

ಮಾರ್ಜರಿ ವಾರೆನ್ ಹುಟ್ಟಿದ್ದು 1897ರಲ್ಲಿ. 1923ರಲ್ಲಿ ವೈದ್ಯ ಪರೀಕ್ಷೆ ಮುಗಿಸಿ, ಮೂರು ವರ್ಷಗಳ ನಂತರ ಲಂಡನ್ನಿನ ಪಶ್ಚಿಮಕ್ಕಿರುವ ಐಸಲ್‌ವರ್ತ್ ಎಂಬಲ್ಲಿಯ ಆಸ್ಪತ್ರೆಗೆ ಸೇರಿದಳು. ಮುಂದೆ ಇದೇ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯೆಂದು ಹೆಸರಾಯಿತು. ಆಕೆಗೆ ಆಸಕ್ತಿಯಿದ್ದದ್ದು ಶಸ್ತ್ರಚಿಕಿತ್ಸೆಯಲ್ಲಿ. ಮುದುಕರ ವೈದ್ಯೆಯಾಗಬೇಕೆಂದು ಹೊರಟವಳಲ್ಲ. 1935ರಲ್ಲಿ ಪಕ್ಕದ ದುಡಿಮೆಮನೆಯ ಚಿಕಿತ್ಸಾಲಯವನ್ನು ಆಸ್ಪತ್ರೆಗೆ ಸೇರಿಸಿದರು. ಅದರ 714 ರೋಗಿಗಳ ಹೊಣೆ ವಾರೆನ್ನಳ ಮೇಲೆ ಬಿದ್ದಿತು. ಅವರಲ್ಲಿ ಬಹುಮಂದಿ ಹಾಸಿಗೆ ಹಿಡಿದ ವೃದ್ಧರು.

ಇವರಲ್ಲಿ ಎಷ್ಟೋ ಮಂದಿಗೆ ಏನು ಕಾಯಿಲೆಯೆಂಬುದೇ ದಾಖಲೆಯಲ್ಲಿ ಇರಲಿಲ್ಲ. ವರ್ಷಗಟ್ಟಲೆ ಹಾಸಿಗೆಯಲ್ಲಿದ್ದರು, ಆದುದರಿಂದ ಅವರು ಹಾಸಿಗೆಯವರು. ಪಾರ್ಶ್ವವಾಯು ಬಡಿದವರು, ಕೀಲು ಹಿಡಿದವರು, ಬುದ್ಧಿ ಮಂಕಾದವರು, ಮಂಕಾದವರ ನಡುವೆ ಸಿಕ್ಕಿಬಿದ್ದ ಚುರುಕು ಬುದ್ಧಿಯವರು ಎಲ್ಲರೂ ಒಂದೇ ಸಾಲಿನಲ್ಲಿ. ದಾದಿಯರು ಹೊಟ್ಟೆಗೆ ಹಾಕುತ್ತಿದ್ದರು, ಮೈ ತೊಳೆಯುತ್ತಿದ್ದರು. ಅವರು ಕೆಟ್ಟವರಲ್ಲ. ಇದಕ್ಕಿಂತ ಹೆಚ್ಚಾಗಿ ಮಾಡತಕ್ಕದ್ದೊಂದಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ವಾರೆನ್ ಮಾಡಿದ ಮೊದಲ ಕೆಲಸ ಬಲು ಸರಳವಾದದ್ದು. ಒಬ್ಬೊಬ್ಬರನ್ನೂ ಹೊಸ ರೋಗಿಯೆಂಬಂತೆ ಪರೀಕ್ಷಿಸಿದಳು. ಇವರು ಯಾಕೆ ಮಲಗಿದ್ದಾರೆ ಎಂಬುದು ಆಕೆಯ ಪ್ರಶ್ನೆ. ಕಾರಣಗಳು ಒಂದೊಂದಾಗಿ ಹೊರಬಿದ್ದುವು. ಕೆಲವರಿಗೆ ಗುಣಪಡಿಸಬಹುದಾದ ರೋಗವಿತ್ತು. ಕೆಲವರಿಗೆ ಯಾವಾಗಲೋ ಬಂದ ರೋಗ ವಾಸಿಯಾಗಿತ್ತು, ಎಬ್ಬಿಸಿದವರಿರಲಿಲ್ಲ. ಕೆಲವರ ಮಂಡಿ ಮಡಚಿದಂತೆಯೇ ಬಿಗಿದುಹೋಗಿತ್ತು. ಅದು ಮುಪ್ಪಿನ ಕೆಲಸವಲ್ಲ, ಹಾಸಿಗೆಯದು. ರೋಗಿಗಳನ್ನು ಆಕೆ ಬೇರೆ ಬೇರೆ ವರ್ಗ ಮಾಡಿದಳು: ಎದ್ದು ಓಡಾಡಬಲ್ಲವರು, ಏಳಲಾರದವರು, ಮಲಮೂತ್ರಗಳ ಹತೋಟಿ ತಪ್ಪಿದವರು, ಶಾಂತವಾಗಿದ್ದರೂ ಮರೆವಿಗೆ ಸಿಕ್ಕವರು, ಬುದ್ಧಿ ಪೂರ್ತಿ ಕೆಟ್ಟವರು. ಪ್ರತಿಯೊಂದು ವರ್ಗಕ್ಕೂ ಅದಕ್ಕೆ ತಕ್ಕ ಆರೈಕೆ.

ಆಮೇಲೆ ಜಾಗವನ್ನೇ ಬದಲಾಯಿಸಿದಳು. ಕೊಳಕು ಬಣ್ಣದ ಗೋಡೆಗಳಿಗೆ ತಿಳಿಬಣ್ಣ ಬಳಿಸಿದಳು. ಒಳ್ಳೆಯ ದೀಪ ಹಾಕಿಸಿದಳು. ಹಾಸಿಗೆಗಳ ಮೇಲೆ ಕೆಂಪು ಕಂಬಳಿ ಹೊದಿಸಿದಳು. ಗೋಡೆಗುಂಟ ಹಿಡಿದು ನಡೆಯಲು ಕಂಬಿ, ಕುಳಿತವರು ತಾವೇ ಏಳಬಹುದಾದಷ್ಟು ಎತ್ತರದ ಕುರ್ಚಿಗಳು, ಊರಿ ನಡೆಯಲು ಗಟ್ಟಿಯಾದ ಚೌಕಟ್ಟುಗಳು. ವೈದ್ಯರು, ದಾದಿಯರು, ಅಂಗಸಾಧನೆ ಮಾಡಿಸುವವರು, ಕೈಕೆಲಸ ಕಲಿಸುವವರು, ಮನೆಯ ಪರಿಸ್ಥಿತಿ ವಿಚಾರಿಸುವವರು ಎಲ್ಲರೂ ಒಂದು ತಂಡವಾಗಿ ಕೂತು ಒಬ್ಬ ರೋಗಿಯ ವಿಷಯ ಮಾತಾಡುವ ಪದ್ಧತಿ ಹಾಕಿದಳು. ತನ್ನ ಬಟ್ಟೆಯನ್ನು ತಾನು ತೊಡುವುದು, ತನ್ನ ಅನ್ನವನ್ನು ತಾನು ತಿನ್ನುವುದು ಆಕೆಗೆ ಔಷಧದಷ್ಟೇ ಮುಖ್ಯ.

ಫಲಿತಾಂಶವನ್ನು ಅಂಕಿಗಳೇ ಹೇಳುತ್ತವೆ. ಬಿಡುಗಡೆಯಾಗಿ ಹೋಗುವವರ ಸಂಖ್ಯೆ ಮೂರು ಪಟ್ಟಾಯಿತು. 714 ಹಾಸಿಗೆಗಳ ಜಾಗದಲ್ಲಿ 240 ಸಾಕಾದುವು. ಉಳಿದ ಹಾಸಿಗೆಗಳನ್ನು ಆಕೆ ಕ್ಷಯರೋಗಿಗಳಿಗೆ ಬಿಟ್ಟುಕೊಟ್ಟಳು. ಎದ್ದವರಲ್ಲಿ ಕೆಲವರು ಮನೆಗೆ ಹೋದರು, ಮನೆಯಿಲ್ಲದವರು ವೃದ್ಧರ ವಸತಿಗೃಹಗಳಿಗೆ ಹೋದರು. ಇಲ್ಲಿ ಪವಾಡವೇನೂ ಇರಲಿಲ್ಲ. ಹೊಸ ಔಷಧವೂ ಇರಲಿಲ್ಲ. ಪೆನಿಸಿಲಿನ್ ಸಾಮಾನ್ಯ ಬಳಕೆಗೆ ಬರುವುದಕ್ಕೆ ಇನ್ನೂ ವರ್ಷಗಳಿದ್ದುವು.

ತನ್ನ ಅನುಭವವನ್ನು ವಾರೆನ್ 1943ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, 1946ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಳು. ಮುದುಕರನ್ನು ಊರಾಚೆಯ ಆಶ್ರಯಗಳಿಗೆ ತಳ್ಳದೆ ದೊಡ್ಡ ಆಸ್ಪತ್ರೆಗಳಲ್ಲೇ ಅವರಿಗೆ ವಿಭಾಗ ತೆರೆಯಬೇಕು, ವೈದ್ಯ ವಿದ್ಯಾರ್ಥಿಗಳು ಅಲ್ಲಿ ಕಲಿಯಬೇಕು ಎಂಬುದು ಆಕೆಯ ವಾದ. 1947ರಲ್ಲಿ ಟ್ರೆವರ್ ಹೋವೆಲ್ ಮೊದಲಾದ ಸಮಾನಮನಸ್ಕ ವೈದ್ಯರು ಸಂಘ ಕಟ್ಟಿದರು. ಅದೇ ಮುಂದೆ ಬ್ರಿಟಿಷ್ ಜೀರಿಯಾಟ್ರಿಕ್ಸ್ ಸೊಸೈಟಿಯಾಯಿತು. 1948ರಲ್ಲಿ ಆ ದೇಶದ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ಮುಪ್ಪಿನ ವೈದ್ಯಕ್ಕೆ ಅದರಲ್ಲಿ ಒಂದು ಸ್ಥಾನ ದೊರೆಯಿತು. ವಾರೆನ್ 1960ರಲ್ಲಿ ಯೂರೋಪಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ರಸ್ತೆ ಅಪಘಾತಕ್ಕೆ ಸಿಕ್ಕಿ ತೀರಿಕೊಂಡಳು. ಆಗ ಆಕೆಗೆ 62 ವರ್ಷ.

*

ವಾರೆನ್ ಕಂಡದ್ದು ಒಂದು ಆಸ್ಪತ್ರೆಯ ಮಾತು ಮಾತ್ರವೇ? ಈ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಉತ್ತರ ಬೇರೆ ಬೇರೆ ಕಡೆಗಳಿಂದ ಬಂದಿತು.

1947ರಲ್ಲಿ ಲಂಡನ್ನಿನ ರಿಚರ್ಡ್ ಆಷರ್ ಎಂಬ ವೈದ್ಯ ಹಾಸಿಗೆಯ ಅಪಾಯಗಳನ್ನು ಕುರಿತೇ ಒಂದು ಲೇಖನ ಬರೆದ. ಮಲಗಿದವನ ಮೈಯ ಒಂದೊಂದು ಭಾಗವನ್ನೂ ಹಾಸಿಗೆ ಹೇಗೆ ಕೆಡಿಸುತ್ತದೆಂದು ಪಟ್ಟಿ ಹಾಕಿದ: ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟುತ್ತದೆ, ಚರ್ಮ ಒಡೆದು ಹುಣ್ಣಾಗುತ್ತದೆ, ಸ್ನಾಯು ಕರಗುತ್ತದೆ, ಮೂಳೆಯ ಸುಣ್ಣ ಸೋರುತ್ತದೆ, ಕೊನೆಗೆ ಮನಸ್ಸೂ ಕುಗ್ಗುತ್ತದೆ. ಈ ಪಟ್ಟಿಯನ್ನು ಓದುತ್ತಿದ್ದಾಗ ನನ್ನ ಕೈ ತಣ್ಣಗಾಯಿತು. ಅಪ್ಪಯ್ಯನ ಹನ್ನೊಂದು ತಿಂಗಳು ಅಲ್ಲಿ ಕ್ರಮವಾಗಿ ಬರೆದಂತಿತ್ತು.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಆರೋಗ್ಯವಂತರಾದ ಐವರು ಯುವಕರು, 20ರ ಆಸುಪಾಸು. ಅವರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ, ಮೊದಲೂ ಆಮೇಲೂ ಅವರ ದೇಹಶಕ್ತಿಯನ್ನು ಅಳೆದರು. ಮೂವತ್ತು ವರ್ಷ ಕಳೆದು ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ಅವರ ಕಸುವನ್ನು ಎಷ್ಟು ಕುಂದಿಸಿತ್ತೋ, 20ರಲ್ಲಿ ಮೂರು ವಾರದ ಹಾಸಿಗೆ ಅದಕ್ಕಿಂತ ಹೆಚ್ಚು ಕುಂದಿಸಿತ್ತು! ಐದೇ ಜನರ ಪ್ರಯೋಗ ನಿಜ. ಆದರೂ ಮೂರು ವಾರ ಇಪ್ಪತ್ತರ ಹುಡುಗನಿಗೆ ಹೀಗೆ ಮಾಡುವುದಾದರೆ, 78ರ ಮುದುಕನಿಗೆ ಎರಡು ವಾರ ಏನು ಮಾಡಿರಬೇಕು?

ಕಳೆದ ಶಕ್ತಿ ಮರಳುವುದೇ ಎಂಬುದು ಮುಂದಿನ ಪ್ರಶ್ನೆ. 1990ರಲ್ಲಿ ಬಾಸ್ಟನ್ನಿನ ವೈದ್ಯರು ಒಂದು ವೃದ್ಧಾಶ್ರಯದ ಹತ್ತು ಮಂದಿಯ ವಿಷಯ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 90, ಎಲ್ಲರೂ ಬಲಹೀನರು. ಎಂಟು ವಾರ ಅವರಿಂದ ಕಾಲಿಗೆ ಭಾರ ಕಟ್ಟಿ ಎತ್ತುವ ಸಾಧನೆ ಮಾಡಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿಯೂ ಸ್ನಾಯು ಮಾತು ಕೇಳುತ್ತದೆ. ಕೇಳುವಂತೆ ಹೇಳುವವರು ಬೇಕು.

ಇನ್ನೊಂದು ಕಡೆ, ಬಾಲ್ಟಿಮೋರಿನಲ್ಲಿ, 1958ರಲ್ಲಿ ನೇಥನ್ ಷಾಕ್ ಎಂಬ ವಿಜ್ಞಾನಿ ದೀರ್ಘವಾದೊಂದು ಅಧ್ಯಯನಕ್ಕೆ ಕೈಹಾಕಿದ. ಆರೋಗ್ಯವಂತರಾದ ಜನರನ್ನು ಕೆಲವು ವರ್ಷಕ್ಕೊಮ್ಮೆ ಕರೆಸಿ, ಅದೇ ಮನುಷ್ಯನನ್ನು ಮತ್ತೆ ಮತ್ತೆ ಅಳೆಯುವುದು. ಮೊದಲಿಗೆ ಗಂಡಸರನ್ನು ಮಾತ್ರ ಅಳೆಯುತ್ತಿದ್ದರು. ಹೆಂಗಸರಿಗೂ ಮುಪ್ಪು ಬರುತ್ತದೆಂಬುದು ಅವರ ಲೆಕ್ಕಕ್ಕೆ ಬಂದದ್ದು 1978ರಲ್ಲಿ! ಈ ಅಧ್ಯಯನದಿಂದ ತಿಳಿದ ದೊಡ್ಡ ಮಾತೆಂದರೆ ಮುಪ್ಪು ಬೇರೆ, ರೋಗ ಬೇರೆ. ಒಂದೇ ವಯಸ್ಸಿನ ಇಬ್ಬರು ಒಂದೇ ರೀತಿ ಮುದುಕರಾಗುವುದಿಲ್ಲ. ಹಾಗಾದರೆ ‘ವಯಸ್ಸಾಯಿತು’ ಎಂಬುದು ರೋಗದ ಹೆಸರಲ್ಲ. ರೋಗವನ್ನು ಹುಡುಕುವುದನ್ನು ನಿಲ್ಲಿಸಿದ್ದೇವೆಂಬುದರ ಹೆಸರು.

*

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಆಸ್ಪತ್ರೆಗಳ, ಆಶ್ರಯಗಳ ಮಾತು. ನಮ್ಮ ದೇಶದ ಮುದುಕರಲ್ಲಿ ಬಹುಪಾಲು ಮಂದಿ ಮನೆಯಲ್ಲಿಯೇ ಇದ್ದಾರಲ್ಲ ಎಂದು ಓದುಗರು ಕೇಳಬಹುದು. ಇಂಗ್ಲೆಂಡಿನಲ್ಲಿಯೂ ಹಾಗೆಯೇ ಇತ್ತು. ಇದನ್ನು ತೋರಿಸಿದಾತ ಜೋಸೆಫ್ ಷೆಲ್ಡನ್, ವುಲ್ವರ್‌ಹ್ಯಾಂಪ್ಟನ್ ಎಂಬ ಕೈಗಾರಿಕಾ ಪಟ್ಟಣದ ವೈದ್ಯ. ಯುದ್ಧ ಮುಗಿದ ಕಾಲ. ಊರಿನವರೆಲ್ಲರ ಹೆಸರೂ ಪಡಿತರದ ದಾಖಲೆಯಲ್ಲಿದ್ದಿತು. ಅದರಿಂದ ಮುದುಕರ ಹೆಸರುಗಳನ್ನು ಲೆಕ್ಕವಿಟ್ಟು ಆರಿಸಿ, ನೂರಾರು ಮನೆಗಳ ಕದ ತಟ್ಟಿ, 1948ರಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದ. ಮುದುಕರನ್ನು ಹೊತ್ತಿದ್ದವರು ಸರಕಾರವಲ್ಲ, ಧರ್ಮಸಂಸ್ಥೆಗಳಲ್ಲ. ಮನೆಯ ಹೆಂಗಸರು, ಅದರಲ್ಲಿಯೂ ಹೆಣ್ಣುಮಕ್ಕಳು. ಮುದುಕರ ಆರೋಗ್ಯವನ್ನು ಕಾಯಬೇಕಾದರೆ ಅವರನ್ನು ಕಾಯುವವರನ್ನೂ ಕಾಯಬೇಕೆಂಬುದು ಈ ಅಧ್ಯಯನದಿಂದ ಹೊರಟ ಪಾಠ.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ‘ನಾವು’ ಅಪ್ಪಯ್ಯನ ಸೇವೆ ಮಾಡಿದೆವೆಂದು ಮೇಲೆ ಬರೆದೆನಷ್ಟೆ. ಅವರನ್ನು ಎತ್ತಿ ಮಗ್ಗುಲು ಹೊರಳಿಸಿದವಳು ನನ್ನ ಹೆಂಡತಿ. ಬಟ್ಟೆ ಒಗೆದವಳು ಅವಳು. ಆ ವರ್ಷ ಅವಳ ಸೊಂಟಕ್ಕೆ ಬಂದ ನೋವು ಇನ್ನೂ ಹೋಗಿಲ್ಲ. ಸಮಾರಾಧನೆಯ ದಿನ ಹೊಗಳಿಕೆ ಬಂದದ್ದು ನನಗೆ.

ಸೇವೆಯ ವಿಷಯದಲ್ಲಿ ಇನ್ನೊಂದು ಪ್ರಯೋಗವನ್ನೂ ಹೇಳಬೇಕು. 1976ರಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಒಂದು ವೃದ್ಧಾಶ್ರಯದಲ್ಲಿ ಇದನ್ನು ನಡೆಸಿದರು. ಒಂದು ಅಂತಸ್ತಿನ ನಿವಾಸಿಗಳಿಗೆ, ನಿಮ್ಮ ಕೋಣೆಯ ಏರ್ಪಾಡು, ನಿಮ್ಮ ಹೊತ್ತು ನಿಮ್ಮ ಕೈಯಲ್ಲೇ ಇದೆಯೆಂದು ಹೇಳಿ, ಕುಂಡದ ಗಿಡವೊಂದನ್ನು ಆರಿಸಿಕೊಂಡು ನೋಡಿಕೊಳ್ಳಲು ಕೊಟ್ಟರು. ಇನ್ನೊಂದು ಅಂತಸ್ತಿನವರಿಗೆ, ನಿಮ್ಮನ್ನು ಸುಖವಾಗಿಡುವ ಹೊಣೆ ನಮ್ಮದೆಂದು ಹೇಳಿದರು. ಅವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವವರು ದಾದಿಯರು. ಕೆಲವು ವಾರಗಳಲ್ಲಿಯೇ ಮೊದಲ ಗುಂಪಿನವರು ಹೆಚ್ಚು ಲವಲವಿಕೆಯಿಂದ ಇದ್ದುದು ಕಂಡುಬಂದಿತು. ಇದು ಸಣ್ಣ ಅಧ್ಯಯನ; ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬಾರದು. ಆದರೆ ಎರಡನೆಯ ಅಂತಸ್ತಿನವರಿಗೆ ಹೇಳಿದ ಮಾತು ನನಗೆ ಪರಿಚಿತವಾದದ್ದು. ನಮ್ಮ ಮನೆಗಳಲ್ಲಿ ದಿನವೂ ನಾವು ಹೇಳುವುದೂ ಅದನ್ನೇ: “ನೀವು ಸುಮ್ಮನೆ ಕೂತಿರಿ, ನಾವು ಮಾಡುತ್ತೇವೆ.” ದುಡಿಮೆಮನೆಯವರು ಅಸಡ್ಡೆಯಿಂದ ಮುದುಕರನ್ನು ಮಲಗಿಸಿದರು, ನಾವು ಅಕ್ಕರೆಯಿಂದ ಮಲಗಿಸುತ್ತೇವೆ. ಮಂಡಿಯ ಕೀಲಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

*

ನಮ್ಮ ದೇಶಕ್ಕೆ ಈ ಶಾಸ್ತ್ರ ತಡವಾಗಿ ಬಂದಿತು. 1978ರಲ್ಲಿ ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರು ವೃದ್ಧರಿಗಾಗಿಯೇ ಹೊರರೋಗಿ ವಿಭಾಗ ತೆರೆದರು. 1996ರಲ್ಲಿ ಅಲ್ಲಿಯೇ ಈ ವಿಷಯದಲ್ಲಿ ಎಂ.ಡಿ. ವ್ಯಾಸಂಗ ಆರಂಭವಾಯಿತು. 1999ರಲ್ಲಿ ಕೇಂದ್ರ ಸರಕಾರ ಹಿರಿಯರನ್ನು ಕುರಿತ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. 2011ರ ಜನಗಣತಿಯಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ಇಷ್ಟು ಜನ ಹೇಗೆ ಬದುಕಿದ್ದಾರೆ, ಏನು ತಿನ್ನುತ್ತಾರೆ, ಎಷ್ಟು ದೂರ ನಡೆಯಬಲ್ಲರು ಎಂದು ತಿಳಿಯಲು 2017-18ರಲ್ಲಿ ದೇಶವ್ಯಾಪಿ ಅಧ್ಯಯನ ನಡೆಯಿತು. 45 ವರ್ಷ ಮೀರಿದ ಸುಮಾರು 72,000 ಮಂದಿಯನ್ನು ಮಾತಾಡಿಸಿದರು. 2021ರಲ್ಲಿ ಅದರ ವರದಿ ಬಂದಿತು.

ಕನ್ನಡನಾಡಿನಲ್ಲಿಯೂ ಒಂದು ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೀರ್ಘ ಅಧ್ಯಯನ ಆರಂಭಿಸಿದರು. 45 ವರ್ಷ ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸಿಕೊಂಡು, ಅವರ ನೆನಪು, ಬುದ್ಧಿ, ರಕ್ತ, ನಡಿಗೆಗಳನ್ನು ವರ್ಷವರ್ಷವೂ ಪರೀಕ್ಷಿಸುತ್ತ ಹೋಗುವುದು ಅದರ ಉದ್ದೇಶ. ಪಶ್ಚಿಮದ ನಗರವಾಸಿಗಳನ್ನು ಅಳೆದು ಕಂಡ ಸತ್ಯ, ಮಾವಿನ ತೋಪಿನಲ್ಲಿ ದುಡಿದ, ಶಾಲೆಯ ಮುಖ ಕಾಣದ ಅಜ್ಜಿಗೂ ಒಪ್ಪುವುದೇ ಎಂದು ಇಲ್ಲಿಯೇ ಕೇಳಿ ನೋಡಬೇಕಲ್ಲ! ‘ಅರವತ್ತಕ್ಕೆ ಅರಳುಮರಳು’ ಎಂಬ ನಮ್ಮ ಗಾದೆ ಎಷ್ಟು ಮಂದಿಯ ವಿಷಯದಲ್ಲಿ ನಿಜ, ಎಷ್ಟು ಮಂದಿಯ ಮೇಲೆ ಅನ್ಯಾಯವಾಗಿ ಹೊರಿಸಿದ ಮಾತು ಎಂಬುದನ್ನು ತೂಗಿ ನೋಡುವುದಕ್ಕೆ ಇಂಥ ಕೆಲಸವೇ ಬೇಕು.

*

2022ರಲ್ಲಿ ನಮ್ಮ ಅಮ್ಮನಿಗೆ ಜ್ವರ ಬಂದಿತು. ಅವಳಿಗೆ 84. ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಕಾಲಿನಲ್ಲಿ ಬಲವಿರಲಿಲ್ಲ. ನಡುಮನೆಯಲ್ಲಿ ಹಾಸಿಗೆ ಹಾಕಲು ಹೊರಟವರನ್ನು ನಾನು ತಡೆದೆ. ಈ ಸಲದ ಡಾಕ್ಟರು ಬೇರೆಯವರು, ಎಳೆಯ ವಯಸ್ಸಿನವರು. ಅವರನ್ನು ಕೇಳಿಯೇ ಮಾಡಿದೆ. ಮೊದಲ ದಿನ ಮಂಚದ ಅಂಚಿನಲ್ಲಿ ಕುಳ್ಳಿರಿಸಿದೆವು. ಎರಡನೆಯ ದಿನ ನಿಲ್ಲಿಸಿದೆವು. ಅಮ್ಮ, “ಮುದುಕಿಯನ್ನು ಕೊಂದೇ ಬಿಡುತ್ತೀಯೇನೋ” ಎಂದು ಬೈದಳು. ಪಕ್ಕದ ಮನೆಯವರು ಬಂದು ನೋಡಿ, “ಇಷ್ಟು ವಯಸ್ಸಾದವರನ್ನು ಹೀಗೆ ಗೋಳಾಡಿಸುವುದೇ?” ಎಂದರು. ಅಪ್ಪಯ್ಯನನ್ನು ಮಲಗಿಸಿಟ್ಟಾಗ ನನ್ನನ್ನು ಹೊಗಳಿದ ಊರು ಅದೇ. ಆಚಾರಿಯನ್ನು ಕರೆಸಿ ಅವಳ ಕುರ್ಚಿಯ ಕಾಲನ್ನು ನಾಲ್ಕು ಬೆರಳು ಎತ್ತರಿಸಿದೆ. ಬಚ್ಚಲಿನ ಗೋಡೆಗೆ ಕಂಬಿ ಹಾಕಿಸಿದೆ. ಹಿತ್ತಿಲ ಮೆಟ್ಟಿಲನ್ನು ಉಜ್ಜಿಸಿದೆ. ಇಷ್ಟಕ್ಕೆ ಆದ ಖರ್ಚು ಆಸ್ಪತ್ರೆಯ ಅರ್ಧ ದಿನದ ಬಾಡಿಗೆಯೂ ಅಲ್ಲ. ಒಂದು ತಿಂಗಳಲ್ಲಿ ತುಳಸಿಕಟ್ಟೆಯ ತನಕ ಹೋದಳು. ಮಾರನೆಯ ವರ್ಷ ಇನ್ನೊಮ್ಮೆ ಬಿದ್ದಳು, ಮಣಿಕಟ್ಟು ಉಳುಕಿತು, ಮತ್ತೆ ಎದ್ದಳು.

ಎಲ್ಲರೂ ಹೀಗೆ ಏಳುತ್ತಾರೆಂದು ನಾನು ಹೇಳುತ್ತಿಲ್ಲ. ವಾರೆನ್ನಳ ಬಳಿಯೂ ಏಳಲಾರದವರು 240 ಹಾಸಿಗೆಗಳಲ್ಲಿ ಉಳಿದೇ ಇದ್ದರು. ಅವರಿಗೂ ಆಕೆ ಒಳ್ಳೆಯ ಬೆಳಕು, ಒಳ್ಳೆಯ ಕಂಬಳಿ ಕೊಟ್ಟಳು. ದಣಿದ ಮುದುಕರಿಗೆ ಮಲಗುವ ಹಕ್ಕೂ ಇದೆ. ಸಾವು ಬಂದವರನ್ನು ಹಿಡಿದು ನಡೆಸುವುದು ವೈದ್ಯವಲ್ಲ, ಹಿಂಸೆ. ನಾನು ಹೇಳುವುದಿಷ್ಟೆ: ಮಲಗಿದ ಹಿರಿಯರು ಯಾಕೆ ಮಲಗಿದ್ದಾರೆಂದು ಒಮ್ಮೆ ಕೇಳಬೇಕು. ಉತ್ತರ ‘ವಯಸ್ಸು’ ಎಂದು ಬಂದರೆ ಮತ್ತೊಮ್ಮೆ ಕೇಳಬೇಕು. ಅವರೇ ಬಾಯಿ ಬಿಟ್ಟು, ತೋಟಕ್ಕೆ ಕರೆದುಕೊಂಡು ಹೋಗೆಂದರೆ ಹೋಗಬೇಕು.

ಈಗ ಅಮ್ಮನಿಗೆ 87. ಹೋದ ತಿಂಗಳು ಒಂದು ಸಂಜೆ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದವಳು ತಲೆಯೆತ್ತದೆ ಕೇಳಿದಳು: “ನಿಮ್ಮ ಅಪ್ಪಯ್ಯನಿಗೂ ಹೀಗೆಯೇ ಮಾಡಬಹುದಿತ್ತೇನೋ?”

‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎಂಬುದು ಇತಿಹಾಸವಲ್ಲವೆಂದು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನು ನಾನು. ಆ ಮಾತನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. “ಮಾಡಬಹುದಿತ್ತಮ್ಮ. ನನಗೆ ಗೊತ್ತಿರಲಿಲ್ಲ” ಎಂದೆ.

ಅವಳು ಇನ್ನೆರಡು ಬತ್ತಿ ಹೊಸೆದಳು. “ನನಗೂ ಗೊತ್ತಿರಲಿಲ್ಲ” ಎಂದಳು. ಸ್ವಲ್ಪ ತಡೆದು, “ಗೊತ್ತಾದ್ದನ್ನು ಬರೆದು ಹಾಕು. ಬೇರೆಯವರಾದರೂ ಓದಲಿ” ಎಂದಳು.

ಬರೆದಿದ್ದೇನೆ.